ತುಂಬೆಯ 6 ಮೀಟರ್, ಮಾವನ ತೋಟ

ಮಂಗಳೂರಿನಲ್ಲಿ ಏಪ್ರಿಲ್ ಬಂತೆಂದರೆ ಪೇಪರಿನಲ್ಲಿ ನಾನು ಮೊದಲು ಹುಡುಕುವುದು ತುಂಬೆಯ ನೀರಿನ ಮಟ್ಟ. ನಗರಕ್ಕೆ ಕುಡಿಯುವ ನೀರು ಬರುವುದು ನೇತ್ರಾವತಿ ಹೊಳೆಗೆ ಅಲ್ಲಿ ಕಟ್ಟಿದ ಅಣೆಕಟ್ಟಿನಿಂದ. 5 ಮೀಟರ್ ಇದ್ದರೆ ಧೈರ್ಯ. 4ಕ್ಕಿಂತ ಕೆಳಗಿಳಿದರೆ ನಮ್ಮ ಫ್ಲ್ಯಾಟಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. 2019ರ ಬೇಸಿಗೆಯಲ್ಲಿ ನಗರಕ್ಕೆ ಸರದಿಯಂತೆ ನೀರು ಬಿಡುತ್ತಿದ್ದಾಗ ಬಕೆಟ್, ಕೊಡ, ಪಾತ್ರೆ ಎಲ್ಲ ತುಂಬಿಸಿಟ್ಟು ಮಲಗುತ್ತಿದ್ದೆವು.

ನನ್ನ ಮಾವನ ಅಡಿಕೆ ತೋಟ ಬಂಟ್ವಾಳ ತಾಲೂಕಿನಲ್ಲಿ, ನೇತ್ರಾವತಿಯ ದಡದಲ್ಲೇ. ಅವರೂ ಅದೇ ಮಟ್ಟವನ್ನು ನೋಡುತ್ತಾರೆ. ನೀರು ಏರಿದೆ ಎಂದರೆ ನನಗೆ ಸಮಾಧಾನ, ಅವರಿಗೆ ಚಿಂತೆ. ತುಂಬೆಯ ಹಳೆಯ ಕಿಂಡಿ ಅಣೆಕಟ್ಟಿನಲ್ಲಿ (ಕಿಂಡಿಗಳಿಗೆ ಗೇಟು ಹಾಕಿ ನೀರು ನಿಲ್ಲಿಸುವಂಥದ್ದು) 4 ಮೀಟರ್ ನೀರು ನಿಲ್ಲುತ್ತಿತ್ತು, ಹೊಸದರಲ್ಲಿ 6 ಮೀಟರ್ ನಿಲ್ಲಿಸುತ್ತಾರೆ. ಎರಡೇ ಮೀಟರ್ ಅಲ್ವಾ ಅನ್ನಿಸಬಹುದು. ಆದರೆ ಹೊಳೆ ಅಲ್ಲಿ ಸಮತಟ್ಟು, ಹಾಗಾಗಿ ನೀರು ಹಿಂದಕ್ಕೆ ತುಂಬಾ ದೂರ ಹರಡುತ್ತದೆ. ತೋಟದ ಕಣಿಯ, ಅಂದರೆ ನೀರು ಬಸಿಯುವ ಕಾಲುವೆಯ, ನೀರು ಹೊಳೆಗೆ ಇಳಿಯಬೇಕು, ಈಗ ಹೊಳೆಯೇ ಕಣಿಗೆ ಬರುತ್ತದೆ. ಬುಡದಲ್ಲಿ ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆ, ಸೋಗೆ ಹಳದಿಯಾಗುತ್ತದೆ. ಮರ ಒಂದೇ ದಿನ ಬೀಳುವುದಿಲ್ಲ. ಅದಕ್ಕೇ ಮುಳುಗಡೆಯಾದ ಜಾಗ ಅಳೆಯಲು ಬಂದವರ ಕಣ್ಣಿಗೆ ಆ ನಷ್ಟ ಬೀಳಲಿಲ್ಲ. ನೀರಿನಡಿ ಹೋದ ಜಾಗವನ್ನು ಮಾತ್ರ ಬರೆದುಕೊಂಡರು, ಒದ್ದೆಯಾಗಿಯೇ ಉಳಿದ ಜಾಗವನ್ನು ಬಿಟ್ಟರು.

ಅಷ್ಟಾದರೂ ಮೇ ತಿಂಗಳಲ್ಲಿ ಮಾವ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ನಿಮಗೆ ಅಲ್ಲಿ ನೀರುಂಟಾ ಮಾರಾಯ?"

ಅಜ್ಜನ ಕಾಲದಲ್ಲಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟ ಹಾಕುತ್ತಿದ್ದರು. ಮಳೆ ನಿಂತ ಮೇಲೆ ಊರವರು ಸೇರಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರ ಹಾಕಿ ನೀರು ನಿಲ್ಲಿಸುವುದು, ಮಳೆಗಾಲದ ಮೊದಲ ನೆರೆಗೆ ಅದು ಕೊಚ್ಚಿಹೋಗುವುದು, ಮತ್ತೆ ಮರುವರ್ಷ ಕಟ್ಟುವುದು. ಯಾರ ಬಾವಿ ತುಂಬುತ್ತದೆ, ಯಾರ ಗದ್ದೆ ಒದ್ದೆಯಾಗುತ್ತದೆ ಎಂದು ಕಟ್ಟುವವರಿಗೇ ಗೊತ್ತಿತ್ತು. ಜಗಳ ಇರಲಿಲ್ಲ ಎಂದಲ್ಲ. ಜಗಳ ಆಡಲು ಎದುರಿಗೆ ಮನುಷ್ಯರಿದ್ದರು.

ಅಣೆಕಟ್ಟಿನ ಕೆಳಗಿನವರ ಕಷ್ಟ ಬೇರೆ. ಬೇಸಿಗೆಯಲ್ಲಿ ಮೇಲಿನಿಂದ ಸಿಹಿನೀರು ಬರದಿದ್ದರೆ ಸಮುದ್ರದ ಉಬ್ಬರದ ಜೊತೆ ಉಪ್ಪುನೀರು ಹೊಳೆಯೊಳಗೆ ಏರುತ್ತದೆ, ದಡದ ಬಾವಿಗಳ ರುಚಿ ಕೆಡುತ್ತದೆ. ಅದನ್ನು ತಡೆಯಲು ಈಗ ಹರೇಕಳ-ಅಡ್ಯಾರ್ ನಡುವೆ ಇನ್ನೊಂದು ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ, ಮೇಲೆ ಸೇತುವೆಯೂ ಉಂಟು. ದೋಣಿ ದಾಟುತ್ತಿದ್ದವರಿಗೆ ಅದು ನಿಜಕ್ಕೂ ಉಪಕಾರ. ಆದರೆ ಸಿಹಿನೀರು, ಉಪ್ಪುನೀರು ಬೆರೆಯುವ ಜಾಗದಲ್ಲೇ ಮೀನು, ಚಿಪ್ಪು ಹಿಡಿದು ಬದುಕುವವರಿದ್ದಾರೆ. ಗೇಟು ಹಾಕುವ ಮೊದಲು ಅವರನ್ನೂ ಕೂರಿಸಿ ಕೇಳಬೇಕು.

ಇನ್ನು ಹೊಳೆಯ ತಲೆಯ ಕಡೆಗೆ ಎತ್ತಿನಹೊಳೆ. ಸಕಲೇಶಪುರದ ಆ ಹಳ್ಳಗಳ ನೀರು ಗುಂಡ್ಯ ಹೊಳೆಯಾಗಿ, ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಬರುವಂಥದ್ದು. ಅದರಲ್ಲಿ 24.01 ಟಿಎಂಸಿ ಎತ್ತಿ ಪೂರ್ವಕ್ಕೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಕೋಲಾರ, ಚಿಕ್ಕಬಳ್ಳಾಪುರದವರ ಬಾಯಾರಿಕೆ ಸುಳ್ಳಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಮಳೆಗಾಲದಲ್ಲಿ ಸುಮ್ನೆ ಸಮುದ್ರಕ್ಕೆ ಹೋಗುವ ನೀರು ಎನ್ನುತ್ತಾರಲ್ಲ, ಆ ಮಾತಿಗೆ ಮಾತ್ರ ನನ್ನ ತಕರಾರು. ಆ ನೀರೇ ಹೊಳೆಗೆ ಮರಳು ತರುವುದು, ಉಪ್ಪನ್ನು ಹೊರಗೆ ತಳ್ಳುವುದು, ಅಳಿವೆಯಲ್ಲಿ ಮೀನಿಗೆ ಮೇವು ಕೊಡುವುದು.

ಪೇಪರಿನವರಲ್ಲಿ ನನ್ನದೊಂದು ಕೋರಿಕೆ. ತುಂಬೆಯ ಮಟ್ಟದ ಪಕ್ಕದಲ್ಲೇ ಇನ್ನೆರಡು ಸಾಲು ಹಾಕಿ. ಮೇಲೆ ಎಷ್ಟು ಎಕರೆ ತೋಟದಲ್ಲಿ ನೀರು ನಿಂತಿದೆ, ಕೆಳಗೆ ಎಲ್ಲಿಯವರೆಗೆ ಉಪ್ಪು ಏರಿದೆ. ನಲ್ಲಿ ತಿರುಗಿಸುವ ಮೊದಲು ನಾವೂ ಓದುತ್ತೇವೆ.