ಸಾಕವ್ವ, ಪುಟ್ಟಮಲ್ಲಿ, ಗುಲಾಬಿ

ಆಗಸ್ಟ್ 18, 2024, ಭಾನುವಾರ

ಮಧ್ಯಾಹ್ನ ಊಟ ಆದ ಮೇಲೆ ‘ಗುಲಾಬಿ ಟಾಕೀಸ್’ ಸಿನಿಮಾ ಮತ್ತೆ ನೋಡಿದೆ. ಅದರಲ್ಲಿ ಗುಲಾಬಿಯಾದ ನಟಿ ಉಮಾಶ್ರೀ ಬಗ್ಗೆ ಬರೆಯಬೇಕು ಅಂತ ಬಹಳ ಕಾಲದಿಂದ ಮನಸ್ಸಿನಲ್ಲಿತ್ತು. ಇವತ್ತು ಬರೆದೇ ಬಿಡುತ್ತೇನೆ.

ಅವರ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳುವುದುಂಟು: ಮೊದಲು ಕಾಮಿಡಿ ಮಾಡ್ತಿದ್ರು, ಆಮೇಲೆ ಒಳ್ಳೆ ನಟಿ ಆದ್ರು ಅಂತ. ನನಗೆ ಇದು ಒಪ್ಪಿಗೆ ಇಲ್ಲ. ಅವರು ಮೊದಲಿನಿಂದಲೂ ದೊಡ್ಡ ನಟಿಯೇ. ಸಿನಿಮಾದವರ ಕಣ್ಣಿಗೆ ಅದು ಬೀಳೋದು ತಡವಾಯಿತು, ಅಷ್ಟೇ.

ನಾಟಕದವರನ್ನು ಕೇಳಿ ನೋಡಿ. ಉಮಾಶ್ರೀ ಅಂದ ಕೂಡಲೇ ಅವರು ಸಾಕವ್ವನ ಹೆಸರು ಹೇಳುತ್ತಾರೆ. ದೇವನೂರ ಮಹಾದೇವರ ‘ಒಡಲಾಳ’ ಕಾದಂಬರಿಯನ್ನು ನಾಟಕ ನಿರ್ದೇಶಕ ಸಿಜಿಕೆ ರಂಗಕ್ಕೆ ತಂದಾಗ ಆ ಮುದುಕಿಯ ಪಾತ್ರ ಮಾಡಿದವರು ಇವರು. ಕಳೆದುಹೋದ ಹುಂಜ ಹುಡುಕಿಕೊಂಡು ಊರೆಲ್ಲ ಬೈಯುತ್ತಾ ತಿರುಗುವ ಸಾಕವ್ವ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವ ಆ ಮನೆಯ ಯಜಮಾನಿ ಸಾಕವ್ವ. ಆ ಪಾತ್ರದಲ್ಲಿ ನಗು ಬೇರೆ, ಹಸಿವು ಬೇರೆ ಅಂತ ಎರಡು ಖಾನೆ ಇಲ್ಲ. ಅವಳ ಬೈಗುಳಕ್ಕೆ ನಾವು ನಗುತ್ತಿರುವಾಗಲೇ ಅವಳ ಹೊಟ್ಟೆಯ ಸಂಕಟ ನಮಗೆ ತಾಗಬೇಕು. ಅದನ್ನು ಮಾಡಿ ತೋರಿಸಿದವರಿಗೆ ನಟನೆ ಬಗ್ಗೆ ಹೊಸದಾಗಿ ಯಾರು ಏನು ಕಲಿಸಬೇಕು?

ಆದರೆ ತೆರೆಯ ಮೇಲೆ ಸಿಕ್ಕಿದ್ದೇನು? 1984ರ ಕಾಶಿನಾಥರ ‘ಅನುಭವ’ದಿಂದ ಹೆಸರು ಬಂತು. ಹೆಸರಿನ ಜೊತೆಗೇ ಒಂದು ಅಚ್ಚೂ ಬಂತು. ಹಾಸ್ಯನಟ ಎನ್.ಎಸ್. ರಾವ್ ಜೊತೆ ಜೋಡಿ, ಎರಡರ್ಥದ ಮಾತು, ಜಗಳಗಂಟಿ ಹೆಂಗಸು. ಆ ಪಾತ್ರಗಳಲ್ಲೂ ಅವರ ಮಾತಿನ ಲಯ ಒಮ್ಮೆಯೂ ತಪ್ಪಿಲ್ಲ ಅನ್ನೋದು ಬೇರೆ ವಿಷಯ. ಆದರೆ ಆ ಹೆಂಗಸರಿಗೆ ಮನೆ ಇಲ್ಲ, ನಾಳೆ ಇಲ್ಲ. ನಗಿಸಿ ಮರೆಯಾಗಬೇಕು. ಅವರ ಪ್ರತಿಭೆಯನ್ನು ನಮ್ಮ ಚಿತ್ರರಂಗ ಅಷ್ಟು ವರ್ಷ ಅಷ್ಟಕ್ಕೇ ಬಳಸಿಕೊಂಡಿತಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ.

1995ರ ‘ಪುಟ್ನಂಜ’ದ ಅಜ್ಜಿ ಪುಟ್ಟಮಲ್ಲಿ ಆ ಅಚ್ಚಿನಲ್ಲಿ ಬಿದ್ದ ಒಂದು ಬಿರುಕು. ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಹೆಣ್ಣುಮಗಳು ಉಮಾಶ್ರೀ ಹುಟ್ಟಿದ್ದು 1957ರಲ್ಲಿ. ಅಂದರೆ ರವಿಚಂದ್ರನ್‌ಗೆ ಅಜ್ಜಿಯಾದಾಗ ಅವರಿಗೆ ನಲವತ್ತೂ ಆಗಿರಲಿಲ್ಲ! ನಮ್ಮಮ್ಮ ಇವತ್ತಿಗೂ ಅದನ್ನು ನಂಬುವುದಿಲ್ಲ.

ಇನ್ನು ಗುಲಾಬಿ. ವೈದೇಹಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ ಬಹಳ ಬದಲಿಸಿಕೊಂಡಿದ್ದಾರೆ. ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಸಿನಿಮಾದಲ್ಲಿ ಗುಲಾಬಿಯ ಮನೆಗೆ ಟಿ.ವಿ. ಬರುತ್ತದೆ. ಕುಂದಾಪುರ ಕಡೆಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಸಮಯ. ಗುಲಾಬಿ ಮುಸ್ಲಿಂ ಸೂಲಗಿತ್ತಿ. ಗಂಡ ಮೂಸಾ ಇನ್ನೊಂದು ಸಂಸಾರ ಮಾಡಿಕೊಂಡು ದೂರ ಇದ್ದಾನೆ. ಅವಳಿಗೆ ಸಿನಿಮಾ ಹುಚ್ಚು. ಹೆರಿಗೆಗೆ ಕರೆಯಲು ಬಂದವರು ಅವಳನ್ನು ಟಾಕೀಸಿನಲ್ಲೇ ಹುಡುಕಬೇಕು. ಒಂದು ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಡಿಶ್ ಆಂಟೆನಾ ಸಮೇತ ಟಿ.ವಿ. ಸಿಗುತ್ತದೆ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರತೊಡಗುತ್ತಾರೆ.

ಇವತ್ತು ನಾನು ಕಥೆ ಬಿಟ್ಟು ಉಮಾಶ್ರೀ ಮುಖವನ್ನೇ ನೋಡುತ್ತಾ ಕೂತೆ. ಪರದೆ ಕಡೆ ನೋಡುವಾಗ ಅವರ ಮುಖ ಸಣ್ಣ ಹುಡುಗಿಯದಾಗುತ್ತದೆ. ಮೂಸಾನ ಎದುರು ಅದೇ ಮುಖದಲ್ಲಿ ಆಸೆ, ಮುನಿಸು, ಸ್ವಾಭಿಮಾನ ಮೂರೂ ಒಟ್ಟಿಗೆ. ಅಳು ಎಲ್ಲೂ ಜಾಸ್ತಿ ಇಲ್ಲ. ಪಕ್ಕದ ಮನೆಯ ನೇತ್ರು ಕಾಣೆಯಾಗಿ, ಊರು ಇವಳ ಮೇಲೆ ತಿರುಗಿಬೀಳುವಾಗಲೂ ದನಿ ಏರಿಸಿ ನಮ್ಮನ್ನು ಅಳಿಸಲು ನೋಡುವುದಿಲ್ಲ. ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಮಾತಿಗೆ ಕಣ್ಣು ತಿರುಗಿಸಬೇಕು ಅನ್ನುವ ಲೆಕ್ಕ ಅದು. ಈ ಲೆಕ್ಕ ಪಕ್ಕಾ ಆಗಿರುವುದು ನಗಿಸುವವರಿಗೇ ಅಲ್ವಾ? ಕಾಮಿಡಿ ಬಿಟ್ಟುಬಂದು ಅವರು ಗುಲಾಬಿ ಆಗಲಿಲ್ಲ. ಅದೇ ವಿದ್ಯೆಯನ್ನು ಇಲ್ಲಿಗೂ ತಂದರು.

ಈ ಪಾತ್ರಕ್ಕೆ 2007ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಸಿನಿಮಾದ ಪಾತ್ರಕ್ಕೆ ಶ್ರೇಷ್ಠ ನಟಿ ಪ್ರಶಸ್ತಿ ಪಡೆದವರಲ್ಲಿ ಇವರು ಮೂರನೆಯವರು. ಮೊದಲು ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ನಂತರ ‘ಹಸೀನಾ’ಗೆ ತಾರಾ.

ರಾಜಕೀಯದ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಅವರ ಕೈಲಿತ್ತು. ನನಗೆ ಮುಖ್ಯ ಅನ್ನಿಸುವುದು ಅದಾದ ಮೇಲಿನದು. ಅಧಿಕಾರ ಕಂಡು ಬಂದವರು ಮತ್ತೆ ಬಣ್ಣ ಹಚ್ಚಿ ರಂಗಕ್ಕೆ ಬಂದರು. ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕ. ಬರೆದವರು ಬೇಲೂರು ರಘುನಂದನ್, ನಿರ್ದೇಶನ ಚಿದಂಬರರಾವ್ ಜಂಬೆ ಅವರದು. ರಾಜನ ಮಗಳಾಗಿ ಹುಟ್ಟಿ ದೇವಯಾನಿಯ ದಾಸಿಯಾದವಳ ಕಥೆ. ಅರವತ್ತು ದಾಟಿದ ವಯಸ್ಸಿನಲ್ಲಿ, ಇಡೀ ನಾಟಕ ಒಬ್ಬರೇ! ತಪ್ಪಿದರೆ ಇನ್ನೊಂದು ಟೇಕ್ ಇಲ್ಲ, ಮಾತು ಎತ್ತಿಕೊಡಲು ಪಕ್ಕದಲ್ಲಿ ಇನ್ನೊಬ್ಬ ನಟ ಇಲ್ಲ.

ಪಕ್ಕದ ಮನೆಯ ಪಿಯುಸಿ ಹುಡುಗಿಗೆ ಉಮಾಶ್ರೀ ಅಂದರೆ ಮೆಸ್ ನಡೆಸುವ ಪುಟ್ಟಕ್ಕ ಮಾತ್ರ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸಿದವಳಲ್ಲ ಅವಳು. ಅವಳಿಗೆ ‘ಒಡಲಾಳ’ ಓದಲು ಕೊಡುತ್ತೇನೆ ಅಂದಿದ್ದೇನೆ. ಸಣ್ಣ ಪುಸ್ತಕ, ಎರಡು ದಿನ ಸಾಕು. ಓದಿ ಆದ ಮೇಲೆ ನಮ್ಮನೆಯಲ್ಲೇ ಕೂತು ‘ಗುಲಾಬಿ ಟಾಕೀಸ್’ ನೋಡೋದು ಅಂತ ಮಾತಾಗಿದೆ.