ಮದುವೆಗೆ ಬಾರದವನು ಮನೆಗೆ ಬರುವುದೇಕೆ?

ಆಮಂತ್ರಣ ಪತ್ರಿಕೆ ಕೊಡಲು ಬಂದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಮದುವೆ, ಗೃಹಪ್ರವೇಶಗಳಿಗೆ ಎಷ್ಟು ಕರೆದರೂ ನೀವು ಬರುವುದಿಲ್ಲ, ಯಾವುದೋ ಮಂಗಳವಾರ ಕಾರಣವಿಲ್ಲದೆ ಬಂದು ಬಾಗಿಲು ತಟ್ಟುತ್ತೀರಿ. ಏಕೆ ಹೀಗೆ?’

ಸಮಾರಂಭಗಳಲ್ಲಿ ಜನ ಸಿಗುತ್ತಾರೆ, ಮಾತು ಸಿಗುವುದಿಲ್ಲ ಎಂಬುದು ಉತ್ತರದ ಸಣ್ಣ ಭಾಗ. ಆರತಕ್ಷತೆಯ ಸಾಲಿನಲ್ಲಿ ನಿಂತು, ವೇದಿಕೆ ಹತ್ತಿ, ಕ್ಯಾಮೆರಾಕ್ಕೆ ಮುಖವೊಡ್ಡಿ, ಮುಂದಿನ ಪಂಕ್ತಿಯಲ್ಲಿ ಜಾಗ ಹಿಡಿಯುವ ಹೊತ್ತಿಗೆ, ಯಾರನ್ನು ನೋಡಲೆಂದು ಹೋಗಿರುತ್ತೇವೋ ಅವರು ಇನ್ನಾರನ್ನೋ ಬೀಳ್ಕೊಡುತ್ತಿರುತ್ತಾರೆ. ದೊಡ್ಡ ಭಾಗ 2021ರ ಬೇಸಿಗೆಗೆ ಸೇರಿದ್ದು. ಕೊರೊನಾದ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದ ಆ ದಿನಗಳಲ್ಲಿ, ಹಾಸ್ಟೆಲಿನ ಕಾಲದಿಂದ ಜೊತೆಗಿದ್ದ ಇಬ್ಬರು ಗೆಳೆಯರು ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಅದಕ್ಕೆ ಮೊದಲು ಇಬ್ಬರನ್ನೂ ಕಂಡದ್ದು ಛತ್ರವೊಂದರ ಊಟದ ಮನೆಯಲ್ಲಿ. ಕೈತೊಳೆಯುವ ಜಾಗದಲ್ಲಿ ‘ಪುರಸೊತ್ತಾಗಿ ಸಿಗೋಣ’ ಎಂದುಕೊಂಡದ್ದೇ ಕಡೆಯ ಭೇಟಿಯ ಮಾತು.

ಗೆಳೆಯನೊಂದಿಗೆ, ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿಗಳ ಸಾಕ್ಷಿಯೂ ಹೋಗುತ್ತದೆ. ಮೆಸ್ಸಿನ ಬಾಕಿ ಕಟ್ಟಲಾಗದೆ ತಿಂಗಳ ಕೊನೆಯನ್ನು ಅವಲಕ್ಕಿಯಲ್ಲಿ ಕಳೆದೆವೆಂದು ಈಗ ನಾನು ಹೇಳಿದರೆ, ‘ಅವಲಕ್ಕಿ ಎಲ್ಲಿತ್ತು, ಹುರಿಗಡಲೆ’ ಎಂದು ತಿದ್ದುವವರಿಲ್ಲ.

ಹೊಸಬರ ಸ್ನೇಹ ಮಾಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು; ಅದರಲ್ಲಿಯೂ ಒಟ್ಟಿಗೆ ದುಡಿದ ಹೊತ್ತಿಗೆ ಅಷ್ಟು ಬೆಲೆಯಿಲ್ಲ, ಬಿಡುವಿನಲ್ಲಿ ಕೂಡಿ ಕಳೆದ ಹೊತ್ತಿಗೇ ಬೆಲೆ. (ಒಂದೇ ಕಚೇರಿಯಲ್ಲಿ ದಶಕಗಟ್ಟಲೆ ಕುಳಿತವರು ನಿವೃತ್ತಿಯಾದೊಡನೆ ಅಪರಿಚಿತರಾಗುವುದನ್ನು ಕಂಡವರಿಗೆ ಇದು ಸೋಜಿಗವೆನಿಸದು.) ಮುಂದಿರುವ ಕಾಲ ಕಡಿಮೆಯೆಂಬ ಅರಿವು ಮೂಡಿದವರು ಪರಿಚಯಗಳ ಬಳಗವನ್ನು ತಾವಾಗಿಯೇ ಕಿರಿದುಮಾಡಿಕೊಂಡು ಹತ್ತಿರದವರನ್ನು ಉಳಿಸಿಕೊಳ್ಳುತ್ತಾರೆಂದು ಸ್ಟ್ಯಾನ್‌ಫರ್ಡಿನ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸೆನ್ ಹೇಳುತ್ತಾರೆ. ಇದನ್ನು ಕೆಲವರು ವಯಸ್ಸಾದವರ ಜಿಗುಪ್ಸೆ ಎನ್ನುತ್ತಾರೆ. ನನಗೆ ಇದು ವಿವೇಕವೆಂದೇ ತೋರುತ್ತದೆ.

ತೀರ್ಥಹಳ್ಳಿಯ ಕಡೆ ನನ್ನ ಗೆಳೆಯನೊಬ್ಬನ ತೋಟವಿದೆ. ಮೊದಲೆಲ್ಲ ಕೊಯ್ಲಿನ ದಿನಗಳಲ್ಲಿ ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಕುಳಿತು, ನಡುರಾತ್ರಿಯವರೆಗೆ ಅಡಿಕೆ ಸುಲಿಯುತ್ತ, ಊರ ಸುದ್ದಿಯಿಂದ ಹಿಡಿದು ಮನೆಯ ಗುಟ್ಟಿನವರೆಗೆ ಎಲ್ಲವನ್ನೂ ಮಾತನಾಡುತ್ತಿದ್ದರು. ಈಗ ಸುಲಿಯುವ ಯಂತ್ರ ಬಂದಿದೆ, ಅದರ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದು. ಆದ್ದರಿಂದ ನಾನು ಕೊಯ್ಲು ಮುಗಿದ ಮೇಲೆ ಹೋಗುತ್ತೇನೆ. ಜಗಲಿಯಲ್ಲಿ ಕೂರುತ್ತೇವೆ, ಅವನು ಪತ್ರಿಕೆ ಓದುತ್ತಾನೆ, ನಾನು ತೂಕಡಿಸುತ್ತೇನೆ, ಅತ್ತಿಗೆ ಕಾಫಿಗೆ ಕರೆದಾಗ ಇಬ್ಬರೂ ಏಳುತ್ತೇವೆ. ಬಂದು ಹೇಳಿಕೊಳ್ಳುವಂಥದ್ದೇನೂ ಅಲ್ಲಿ ನಡೆಯುವುದಿಲ್ಲ. ಆದರೆ ತನ್ನ ಮೊಣಕಾಲಿನ ನೋವನ್ನೂ ಮಗನ ಮೇಲಿನ ಮುನಿಸನ್ನೂ ಅವನು ನನ್ನೊಡನೆ ಹೇಳಿಕೊಂಡದ್ದು ಇಂಥ ಮಧ್ಯಾಹ್ನಗಳಲ್ಲಿಯೇ, ಅದೂ ಮೂರನೆಯ ದಿನ, ಹೊರಡುವ ಮುನ್ನ.

ಹೀಗಿದ್ದರೂ ಒಂದು ಬಗೆಯ ಮದುವೆಯನ್ನು ನಾನು ತಪ್ಪಿಸುವುದಿಲ್ಲ. ತೀರಿಕೊಂಡ ಗೆಳೆಯರ ಮಕ್ಕಳ ಮದುವೆಗೆ ಹಿಂದಿನ ದಿನವೇ ಹೋಗಿ, ಊಟ ಬಡಿಸುವವರೆಗೂ ನಿಲ್ಲುತ್ತೇನೆ; ಅಲ್ಲಿ ತಂದೆಯ ಸ್ನೇಹಿತರೆಂದು ಓಡಾಡಲು ನಾಲ್ಕು ಜನ ಬೇಕಾಗುತ್ತದೆ.