ಮೊದಲು ಆರ್ಮ್ ನೆಟ್ಟಗಿರಲಿ, ಆಮೇಲೆ ಲೋಹದ ಮಾತು

ಪುಣೆ
12 ಜುಲೈ 2025, ಶನಿವಾರ ರಾತ್ರಿ

ಭೋಸರಿಯಲ್ಲಿ ಮಧ್ಯಾಹ್ನದಿಂದ ಬಿಟ್ಟೂಬಿಡದ ಮಳೆ. ಕಾಕಾನ ಶೆಡ್ಡಿನಲ್ಲಿ ಮಿತ್ಸುಬಿಷಿಯ ಸೆಡಿಯಾ ಕಾರು ಸ್ಟ್ಯಾಂಡಿನ ಮೇಲೆ ನಿಂತಿದೆ. ಹಿಂದಿನ ಚಕ್ರದ ಕೋನ ಕಾಯುವ ಟೋ ಲಿಂಕು, ಚಕ್ರವನ್ನು ಗಾಡಿಗೆ ಹಿಡಿಯುವ ಮೇಲಿನ ಆರ್ಮು ಬಿಚ್ಚಿ ಬೆಂಚಿಗೆ ಬಂದಿವೆ. ವಿಜಯಪುರದ ತಮ್ಮ ಪೈಪಿನ ತುಂಡು ಹಿಡಿದುಕೊಂಡು ಕೇಳಿದ:

“ಅಣ್ಣಾರ, ಟ್ರ್ಯಾಕ್ ಗಾಡಿ ಐತಿ, ಕ್ರೋಮೋಲಿನೇ ತರೋಣಲ್ರಿ? ಎಂಎಸ್ ಹಾಕಿದ್ರ ತಿರುವಿನ್ಯಾಗ ಆರ್ಮ್ ಬಳಕತಾವ, ಗಾಡಿ ಹಿಂದ ತೇಲತೈತಿ ಅಂತಾರ.”

ಕ್ರೋಮೋಲಿ ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು. ಬಳಕುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಇರಲಿ, 4130 ಎಂಬ ಕ್ರೋಮೋಲಿ ಇರಲಿ, ಇಎನ್ 24ರಂಥ ಗಟ್ಟಿ ಉಕ್ಕಿರಲಿ, ಉಕ್ಕಿನ ಯಂಗ್ಸ್ ಮಾಡ್ಯುಲಸ್, ಅಂದರೆ ಬಳಕದೆ ತಡೆಯುವ ಗುಣದ ಅಳತೆ, ಹೆಚ್ಚುಕಡಿಮೆ 205 ಗಿಗಾಪಾಸ್ಕಲ್. ಅಳತೆ ಒಂದೇ ಆದರೆ ಅದೇ ಹೊರೆಗೆ ಎಲ್ಲವೂ ಅಷ್ಟಷ್ಟೇ ಬಳಕುತ್ತವೆ, ಹೊರೆ ಇಳಿಸಿದರೆ ಮೊದಲಿನಂತಾಗುತ್ತವೆ. ಬೇರೆಯಾಗುವುದು ಯೀಲ್ಡ್, ಅಂದರೆ ಬಾಗಿದ್ದು ವಾಪಸ್ ಬಾರದ ಮಿತಿ. ಐಎಸ್ 2062 ಮಾನಕದ ಇ250 ಎಂಬ ಎಂಎಸ್ ಉಕ್ಕಿಗೆ ಅದು 250 ಮೆಗಾಪಾಸ್ಕಲ್, ಕಾಯಿಸಿ ಗಾಳಿಯಲ್ಲಿ ಆರಿಸಿ ನಾರ್ಮಲೈಸ್ ಮಾಡಿದ 4130ಕ್ಕೆ 435ರ ಆಸುಪಾಸು. ಕಾಲೇಜು ಹುಡುಗರ ಫಾರ್ಮುಲಾ ಸ್ಟೂಡೆಂಟ್ ನಿಯಮಾವಳಿಯಲ್ಲಿ ಕೂಡ ಫ್ರೇಮಿನ ಪೈಪಿಗೆ ಕ್ರೋಮೋಲಿ ಎಂದು ರಿಯಾಯಿತಿ ಇಲ್ಲ, ಎಲ್ಲ ಉಕ್ಕಿಗೂ ಒಂದೇ ಲೆಕ್ಕ.

ಬೆಂಚಿನ ಮೇಲೆಯೇ ಚಾಕ್‌ಪೀಸಿನಲ್ಲಿ ಲೆಕ್ಕ ಹಾಕಿದೆವು. ಹೊರ ವ್ಯಾಸ 25 ಮಿಮೀ, ಗೋಡೆ 2.5 ಮಿಮೀ, ಉದ್ದ 400 ಮಿಮೀ, ಎರಡು ತುದಿಗೂ ಗೋಲದ ಕೀಲು. ತಳ್ಳುವ ಹೊರೆ 10 ಕಿಲೋನ್ಯೂಟನ್, ಅಂದರೆ ಸರಿಸುಮಾರು ಒಂದು ಟನ್. ನೆಟ್ಟಗಿನ ಪೈಪಿನಲ್ಲಿ ಒತ್ತಡ 57 ಮೆಗಾಪಾಸ್ಕಲ್ ಅಷ್ಟೇ. ಎಂಎಸ್ ಪೈಪು ಯೀಲ್ಡ್ ಮುಟ್ಟಬೇಕಾದರೆ 44 ಕಿಲೋನ್ಯೂಟನ್ ಬೇಕು, ಬಕ್ಕಲ್ ಆಗುವ, ಅಂದರೆ ಪಕ್ಕಕ್ಕೆ ಬಾಗಿ ಕುಸಿಯುವ ಆಯ್ಲರ್ ಲೆಕ್ಕದ ಹೊರೆ ಅದಕ್ಕಿಂತಲೂ ಬಹಳ ಮೇಲೆ. ಎಂಎಸ್ ಧಾರಾಳವಾಗಿ ಸಾಕು.

“ಆದ್ರ ಸೈಲೆನ್ಸರ್ ಅಡ್ಡ ಬರತೈತಲ್ರಿ, ನಡಕ ಒಂದು ಮೂರು ಸೆಂಟಿಮೀಟರ್ ಬೆಂಡ್ ಕೊಡಬೇಕು.”

ಇದೇ ನೋಡಿ. ಆ 30 ಮಿಮೀ ಬೆಂಡ್ ಕೊಟ್ಟ ಕೂಡಲೇ ಅದೇ ಪೈಪಿನಲ್ಲಿ, ಅದೇ ಹೊರೆಗೆ ಒತ್ತಡ 388ಕ್ಕೆ ಏರುತ್ತದೆ. ಸುಮಾರು ಏಳು ಪಟ್ಟು. ಎಂಎಸ್ ಖಂಡಿತ ಮಡಚಿಕೊಳ್ಳುತ್ತದೆ. 4130 ಹಾಕಿದರೆ ಕೂದಲೆಳೆಯಲ್ಲಿ ಉಳಿಯುತ್ತದೆ, ಆದರೆ ಬಳಕುವುದು ಎಂಎಸ್‌ನಷ್ಟೇ. ಎಂಎಸ್‌ನಲ್ಲೇ 32 ಮಿಮೀ ವ್ಯಾಸ, 4 ಮಿಮೀ ಗೋಡೆಗೆ ಹೋದರೆ ಒತ್ತಡ 165ಕ್ಕೆ ಇಳಿಯುತ್ತದೆ, ಬಳಕು ಮೂರರಲ್ಲೊಂದು ಪಾಲಾಗುತ್ತದೆ. ತೂಕ ಮಾತ್ರ ಅರ್ಧ ಕಿಲೋದಿಂದ 1.1 ಕಿಲೋ. ಇದಕ್ಕಿಂತ ಒಳ್ಳೆಯದು ಸೈಲೆನ್ಸರನ್ನೇ ಸರಿಸುವುದು. ತೆಳ್ಳನೆಯ ಎಕ್ಸಾಸ್ಟ್ ಪೈಪಿಗೆ ಹೊಸ ಬೆಂಡ್ ಹಾಕುವುದು ಅರ್ಧ ದಿನದ ಕೆಲಸ. ತಮ್ಮ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ “ಹಂಗಾದ್ರ ಸೈಲೆನ್ಸರ್ ಬಿಚ್ಚತೀನ್ರಿ” ಅಂದ. ಖುಷಿಯಾಯಿತು.

ಕ್ರೋಮೋಲಿ ಅಂತ ಗೋಡೆ ತೆಳ್ಳಗೆ ಮಾಡುವವರಿಗೂ ಒಂದು ಮಾತು. ಅದೇ 25 ಮಿಮೀ ಪೈಪಿನ ಗೋಡೆಯನ್ನು 2.5ರಿಂದ 2ಕ್ಕೆ ಇಳಿಸಿದರೆ ಉಳಿಯುವುದು ಆರ್ಮಿಗೆ 100 ಗ್ರಾಂ, ಕಳೆದುಕೊಳ್ಳುವುದು ನೂರಕ್ಕೆ 18ರಷ್ಟು ಬಿಗಿ, ಅಂದರೆ ಹೊರೆಗೆ ಅಲುಗದೆ ನಿಲ್ಲುವ ಗುಣ. ಟೋ ಲಿಂಕಿನಲ್ಲಿ ಆ ಬಿಗಿಯೇ ಬೇಕಾಗಿರುವುದು, ಬ್ರೇಕ್ ಹಿಡಿದಾಗ ಚಕ್ರದ ಕೋನ ಅಲುಗಬಾರದಲ್ಲ. ಗಟ್ಟಿ ಸರಳು ಹಾಕುತ್ತೇನೆ ಅನ್ನುವವರೂ ಇದ್ದಾರೆ. ಅದೇ ತೂಕಕ್ಕೆ ಸಿಗುವುದು 15 ಮಿಮೀ ಸರಳು, ಬಾಗುವಿಕೆಯನ್ನು ತಡೆಯುವುದರಲ್ಲಿ ಅದು ಈ ಪೈಪಿನ ಕಾಲು ಪಾಲೂ ಇಲ್ಲ.

ಪೈಪ್ ತರುವಾಗ ಅಂಗಡಿಯಲ್ಲಿ “ಒಂದು ಇಂಚು” ಎಂದು ಕೇಳಬಾರದು. ನೀರಿನ ಪೈಪಿನ ಲೆಕ್ಕದಲ್ಲಿ ಒಂದು ಇಂಚಿನ ಹೊರ ವ್ಯಾಸ 33.7 ಮಿಮೀ. ಹೊರ ವ್ಯಾಸ ಮತ್ತು ಗೋಡೆ ಹೇಳಿ, ಸಿಡಿಡಬ್ಲ್ಯೂ (ಬೆಸೆದು, ತಣ್ಣಗೆ ಎಳೆದ ಪೈಪ್) ಅಥವಾ ಸೀಮ್‌ಲೆಸ್ ಎಂದೇ ಕೇಳಬೇಕು. ಸತು ಲೇಪಿಸಿದ ಜಿಐ ಪೈಪ್ ಬೇಡವೇ ಬೇಡ, ಸತುವಿನ ಹೊಗೆ ಎದೆಗೂ ಕೆಟ್ಟದ್ದು, ವೆಲ್ಡಿಗೂ ಕೆಟ್ಟದ್ದು. 4130 ಎಂದು ಕೊಟ್ಟರೆ ಹೀಟ್ ನಂಬರ್ (ಉಕ್ಕು ಕರಗಿಸಿದ ಸರದಿಯ ಗುರುತು) ಇರುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಬೇಕು. ಅನುಮಾನ ಇದ್ದರೆ ಒಂದು ಚೂರು ಕತ್ತರಿಸಿ, ಲೋಹದಲ್ಲಿ ಏನೇನಿದೆ ಎಂದು ತೋರಿಸುವ ಸ್ಪೆಕ್ಟ್ರೋ ಟೆಸ್ಟಿಗೆ ಕೊಡುವುದು. ಬಳಿದ ಬಣ್ಣ ನೋಡಿ ನಂಬುವ ವಸ್ತುವಲ್ಲ ಇದು.

ನಿಜವಾದ ಭಯ ಇರುವುದು ತುದಿಗಳಲ್ಲಿ. ಪೈಪಿನೊಳಗೆ ಕೂರಿಸುವ ಚೂಡಿಯ (ಥ್ರೆಡ್ಡಿನ) ಬುಶ್ಶನ್ನು ಲೇತಿನವರು ಕೈಗೆ ಸಿಕ್ಕ ಬ್ರೈಟ್ ಬಾರಿನಲ್ಲಿ ತಿರುವಿ ಕೊಡುತ್ತಾರೆ. ಇಎನ್ 1ಎ ಎಂಬ ಉಕ್ಕು ಅವರಿಗೆ ಇಷ್ಟ, ಬೆಣ್ಣೆಯಂತೆ ಕತ್ತರಿಸುತ್ತದೆ. ಆದರೆ ಹಾಗೆ ಕತ್ತರಿಸಲೆಂದೇ ಅದರಲ್ಲಿ ಗಂಧಕ ಹಾಕಿರುತ್ತಾರೆ, ವೆಲ್ಡ್ ಆರುವಾಗ ನಡುವೆಯೇ ಸೀಳುತ್ತದೆ. ಇಎನ್ 8ರಲ್ಲಿ ಇಂಗಾಲ ನೂರಕ್ಕೆ 0.4ರ ಹತ್ತಿರ. ಬಿಸಿ ಮಾಡಿಕೊಳ್ಳದೆ ಬೆಸೆದರೆ ವೆಲ್ಡಿನ ಅಂಚು ಗಡುಸಾಗಿ, ಓಡಿಸಿದ ಮೇಲೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಇಎನ್ 19ರ ಕಥೆಯೂ ಅದೇ, ಇನ್ನೂ ಸ್ವಲ್ಪ ಹೆಚ್ಚು. ಬುಶ್ಶಿಗೆ ಇಂಗಾಲ ಕಡಿಮೆ ಇರುವ ಇಎನ್ 3 ಅಥವಾ ಸಿ20 ಸಾಕು. ಎಂ14×1.5 ಚೂಡಿ (14 ಮಿಮೀ ವ್ಯಾಸ, 1.5 ಮಿಮೀ ಪಿಚ್), ಒಂದು ಕಡೆ ಬಲ, ಇನ್ನೊಂದು ಕಡೆ ಎಡ, ಕನಿಷ್ಠ 21 ಮಿಮೀ ಹಿಡಿತ. ಚೆಕ್ ನಟ್ ಎರಡೂ ಕಡೆ. ಪೈಪಿನ ಪಕ್ಕದಲ್ಲಿ ಎರಡು ತೂತು ಕೊರೆದು ಬುಶ್ಶಿಗೆ ಪ್ಲಗ್ ವೆಲ್ಡ್ ಕೊಟ್ಟರೆ ತುದಿಯ ಸುತ್ತು ವೆಲ್ಡಿನ ಮೇಲಷ್ಟೇ ಭಾರ ಬೀಳುವುದಿಲ್ಲ.

ಆ ಚೂಡಿಗೆ ಹಾಕುವ ಗೋಲದ ಕೀಲಿನ ತುದಿ, ಅಂದರೆ ರಾಡ್ ಎಂಡ್, ಎಳೆಯುವ, ತಳ್ಳುವ ಹೊರೆಗೆ ಮಾತ್ರ. ಎಂ14ರ ಚೂಡಿಯ ತಳದ ವ್ಯಾಸ 12 ಮಿಮೀ ಚಿಲ್ಲರೆ. ಅದಕ್ಕೆ 40 ಮಿಮೀ ದೂರದಲ್ಲಿ 200 ಕಿಲೋ ಅಡ್ಡ ಹೊರೆ ಬಿದ್ದರೆ ಒತ್ತಡ 450ರ ಹತ್ತಿರ ಹೋಗುತ್ತದೆ, ಚೂಡಿಯ ಮೂಲೆ ಅದನ್ನು ಇನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಸ್ಪ್ರಿಂಗೋ ಶಾಕೋ ಹೊರುವ ಆರ್ಮಿಗೆ ಹೊಂದಿಸಬಹುದಾದ ರಾಡ್ ಎಂಡ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಂಥ ಆರ್ಮಿಗೆ ಬಾಕ್ಸ್ ಸೆಕ್ಷನ್, ತುದಿಯಲ್ಲಿ ಹೌಸಿಂಗಿನೊಳಗೆ ಕೂತ ಸ್ಫೆರಿಕಲ್ ಬೇರಿಂಗ್. ಅಷ್ಟು ಮಾಡಲಾಗದಿದ್ದರೆ ಕಂಪನಿಯ ಆರ್ಮೇ ಇರಲಿ, ರಬ್ಬರ್ ಬುಶ್ ಹೊಸದು ಹಾಕಿದರಾಯಿತು.

ವೆಲ್ಡಿಂಗಿಗೆ ಆರ್ಗಾನ್, ಅಂದರೆ ಆ ಗ್ಯಾಸಿನ ಟಿಗ್ ವೆಲ್ಡ್. 4130 ಆದರೂ ಎಂಎಸ್ ಆದರೂ ಇಆರ್70ಎಸ್-2 ತಂತಿ. ಗೋಡೆ 3 ಮಿಮೀ ಒಳಗಿದ್ದರೆ 4130ಕ್ಕೂ ಮೊದಲೇ ಬಿಸಿ ಮಾಡುವ ಅಗತ್ಯ ಬರುವುದಿಲ್ಲ, ಆದರೆ ಒಳಗಿನ ತುಕ್ಕು, ಎಣ್ಣೆ ಪೂರ್ತಿ ಹೋಗಿರಬೇಕು. ಬೆಸೆದ ಮೇಲೆ ನೀರು ಸುರಿದು ಆರಿಸುವ ಅಭ್ಯಾಸ ಇಲ್ಲಿ ಎಲ್ಲ ಶೆಡ್ಡುಗಳಲ್ಲೂ ಇದೆ. ಗೇಟಿಗೆ, ಗ್ರಿಲ್ಲಿಗೆ ನಡೆಯುತ್ತದೆ. 4130ಕ್ಕೆ ಅದೇ ಗಡುಸು, ಅದೇ ಬಿರುಕು. ಫ್ಯಾನ್ ಕೂಡ ಬೇಡ, ತಾನಾಗಿ ಆರಲಿ. ಆಮೇಲೆ ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ಡಿಪಿ ಟೆಸ್ಟ್, ಕೆಂಪು ಗೆರೆ ಕಂಡರೆ ಆ ಆರ್ಮನ್ನು ಕತ್ತರಿಸಿ ಹಾಕುವುದು, ಮೇಲೆ ಇನ್ನೊಂದು ಸುತ್ತು ವೆಲ್ಡ್ ಎಳೆಯುವುದಲ್ಲ.

ಸಂಜೆ ನಾಶಿಕ್ ಫಾಟಾ ಹತ್ತಿರ ನೀರು ತುಂಬಿದ ಗುಂಡಿಗಳಲ್ಲಿ ಗಾಡಿಗಳು ಧಡ್ ಧಡ್ ಎಂದು ಬೀಳುವುದನ್ನು ನೋಡುತ್ತಿದ್ದಾಗ ಕಾಕಾನ ಫೋನ್. ಸೆಡಿಯಾದ ಮಾಲೀಕರು ವಾರದ ದಿನಗಳಲ್ಲಿ ಅದರಲ್ಲೇ ಹಿಂಜವಡಿಗೆ ಆಫೀಸಿಗೆ ಹೋಗುತ್ತಾರಂತೆ. ಮೇಲಾಗಿ ಅವರಿಗೆ ಬಿಲೆಟ್ ಅಲ್ಯೂಮಿನಿಯಂ (ಗಟ್ಟಿ ತುಂಡಿನಿಂದ ಕಡೆದದ್ದು) ಬೇಕಂತೆ, ನೋಡಲು ಚೆಂದ ಎಂದು.

ಮನಸ್ಸು ಒಮ್ಮೆಲೇ ಕೆಟ್ಟಿತು. 7075-ಟಿ6 ಎಂಬ ಅಲ್ಯೂಮಿನಿಯಂನ ಯೀಲ್ಡ್ 500 ಮೆಗಾಪಾಸ್ಕಲ್, ಅಂಕಿ ಆಕರ್ಷಕವೇ. ಆದರೆ ಅದನ್ನು ಆರ್ಗಾನಿನಲ್ಲಿ ಬೆಸೆಯಲಾಗದು, ಬಿರುಕು ಬಿಡುತ್ತದೆ. ಗೀರು ಬಿದ್ದ ಜಾಗದಲ್ಲಿ ಮೊದಲೇ ಸುಳಿವು ಕೊಡದೆ ಮುರಿಯುವ ಜಾತಿ. 6061-ಟಿ6ಗೆ ಯೀಲ್ಡ್ 276, ಬೆಸೆದ ಜಾಗದಲ್ಲಿ ಅದು ಅರ್ಧದ ಹತ್ತಿರ ಇಳಿಯುತ್ತದೆ, ಮತ್ತೆ ಹೀಟ್ ಟ್ರೀಟ್‌ಮೆಂಟ್ ಮಾಡದ ಹೊರತು ಮೇಲೇಳುವುದಿಲ್ಲ. ಎಚ್‌ಇ 30 ಎಂದು ಮಾರುವ 6082ಕ್ಕೂ ಹಾಗೆಯೇ. ಬಿಗಿಯ ವಿಷಯದಲ್ಲಿ ಅಲ್ಯೂಮಿನಿಯಂ ಉಕ್ಕಿನ ಮೂರರಲ್ಲೊಂದು. ನಮ್ಮ 25ರ ಪೈಪಿನಷ್ಟು ಬಾಗುವಿಕೆ ತಡೆಯಲು 32 ಮಿಮೀ ವ್ಯಾಸ, 4 ಮಿಮೀ ಗೋಡೆಯದು ಬೇಕು. ಉಳಿಯುವ ತೂಕ ಆರ್ಮಿಗೆ 175 ಗ್ರಾಂ ಆಸುಪಾಸು, ಅಷ್ಟೇ. ಎಲ್ಲಕ್ಕಿಂತ ಮುಖ್ಯ, ಉಕ್ಕಿಗೆ ಒಂದು ಮಿತಿಯೊಳಗೆ ಎಷ್ಟು ಸಲ ಹೊರೆ ಬಂದರೂ ದಣಿವಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಪ್ರತಿ ಗುಂಡಿಯೂ ಲೆಕ್ಕಕ್ಕೆ ಸೇರುತ್ತದೆ. ಕಂಪನಿ ಗಾಡಿಗಳ ಅಲ್ಯೂಮಿನಿಯಂ ಆರ್ಮುಗಳು ಹೆಚ್ಚಾಗಿ ಫೋರ್ಜ್ ಮಾಡಿದವು, ಪರೀಕ್ಷೆಯಲ್ಲಿ ಹಣ್ಣಾಗಿ ಬಂದವು. ಸಿಎನ್‌ಸಿಯಲ್ಲಿ ಕಡೆದ ತುಂಡನ್ನು ಅವಕ್ಕೆ ಹೋಲಿಸಬಾರದು.

ರಸ್ತೆಗೂ ಇಳಿಯುವ ಗಾಡಿಗೆ ಗುಂಡಿಯಲ್ಲಿ ಬಿದ್ದಾಗ ಬಾಗಬೇಕು, ಮುರಿಯಬಾರದು. ಬಾಗಿದರೆ ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ, ಟೈರು ಸವೆಯುತ್ತದೆ, ಮನುಷ್ಯ ಶೆಡ್ಡಿಗೆ ಬರುತ್ತಾನೆ. ಕಾಕಾನಿಗೆ ಇಷ್ಟನ್ನೇ ಹೇಳಿದೆ: ಮೇಲಿನ ಆರ್ಮ್, ಟೋ ಲಿಂಕ್ ಎರಡಕ್ಕೂ ನೆಟ್ಟಗಿನ ಸಿಡಿಡಬ್ಲ್ಯೂ ಪೈಪ್, ಕೆಳಗಿನದು ಕಂಪನಿಯದೇ.

ಇನ್ನು ಮೇಲ್ಮೈ. ಆರ್ಮಿಗೆ ಪೌಡರ್ ಕೋಟಿಂಗ್ ಸಾಕು, ಚೂಡಿಗೆ ಗ್ರೀಸ್. ಕ್ರೋಮ್, ಜಿಂಕ್ ಪ್ಲೇಟಿಂಗ್ ಅಂತ ರಾಡ್ ಎಂಡುಗಳನ್ನೂ 12.9 ದರ್ಜೆಯ ಬಲು ಗಡುಸು ಬೋಲ್ಟುಗಳನ್ನೂ ಒಟ್ಟಿಗೆ ತೊಟ್ಟಿಗೆ ಹಾಕಿಸುವವರಿದ್ದಾರೆ. ಆಸಿಡ್ಡಿನಿಂದ ಹೈಡ್ರೋಜನ್ ಒಳಗೆ ಸೇರಿ, ಬಿಗಿ ಮಾಡಿ ಮರುದಿನ ನೋಡಿದರೆ ತಲೆ ಹಾರಿರುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ 200 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸದಿದ್ದರೆ ಅವನ್ನು ನಂಬುವಂತಿಲ್ಲ. ಇಲ್ಲಿ 10.9 ದರ್ಜೆ ಸಾಕು, ಬೋಲ್ಟನ್ನು ಎರಡೂ ಬದಿಯಿಂದ ಹಿಡಿಯುವ ಡಬಲ್ ಶಿಯರ್ ಬ್ರಾಕೆಟಿನಲ್ಲಿ.

ಬ್ರಾಕೆಟ್ ಎಂದಾಗ ನೆನಪಾಯಿತು. ಆರ್ಮ್ ಬಿಗಿಯಾದಷ್ಟೂ, ರಬ್ಬರ್ ಬುಶ್ ಹೋಗಿ ಲೋಹದ ಕೀಲು ಬಂದಷ್ಟೂ, ಗುಂಡಿಯ ಏಟು ನೇರ ಸಬ್‌ಫ್ರೇಮಿನ ತೆಳು ತಗಡಿಗೆ. ಸೋಮವಾರ ಅಂಡರ್‌ಕೋಟ್ ಕೆರೆದು ನೋಡಬೇಕು, ಅಲ್ಲೇನಾದರೂ ಈಗಾಗಲೇ ಗೆರೆ ಇದ್ದರೆ 3 ಮಿಮೀ ಪ್ಲೇಟಿನ ಪ್ಯಾಚ್ ಮೊದಲು, ಅದೂ ಮೂಲೆ ಗುಂಡಗೆ ಕತ್ತರಿಸಿದ್ದು.